ಕುಂದ್ರು

ಗುಂಡ ಅಂತ ಹೆಸರಿಟ್ಟೆ,
ಪಕ್ಕೆಲುಬು ಒಂದೊಂದೇ ಎಣಿಸಲು ಬರುವಂಥವನಿಗೆ.
ಅದಕ್ಕೂ ಮುಂಚೆ ಅವನಿಗೊಂದು ಓಟದ ಹೆಸರಿತ್ತು:
ಮಿಡ್‌ನೈಟ್ ಲೆಡ್ಜರ್.
ಕಿವಿಯೊಳಗೆ ಹಸಿರು ಶಾಯಿಯ ಹಚ್ಚೆ,
ಯಾರದೋ ಲೆಕ್ಕದ ಪುಸ್ತಕದ ಅಕ್ಷರ.
ಎರಡು ವರ್ಷ ಬಟ್ಟೆಯ ಮೊಲದ ಹಿಂದೆ ಓಡಿ
ಒಂದು ದಿನವೂ ಅದನ್ನು ಹಿಡಿಯದೆ
ಬಲ್ಲರಾಟಿನ ಈ ಹಲಗೆಮನೆಗೆ ಬಂದ.
ಕನ್ನಡಿ ಗೊತ್ತಿರಲಿಲ್ಲ. ಮೆಟ್ಟಿಲು ಗೊತ್ತಿರಲಿಲ್ಲ.
ಮೂರು ಮೆಟ್ಟಿಲು ಹತ್ತಿಸಲು
ಮೂರು ದಿನ, ಅರ್ಧ ಕಿಲೋ ಚೀಸು.

ಕುಂದ್ರು, ಅನ್ನುತ್ತಿದ್ದೆ.
ನಿಂತೇ ಇರುತ್ತಿದ್ದ.
ಕುಂದ್ರೋ ನಮ್ಮಪ್ಪಾ.
ಕತ್ತು ವಾರೆ ಮಾಡಿ ನೋಡುತ್ತಿದ್ದ,
ಪರವೂರಿನ ಬಸ್ಸಿನ ಬೋರ್ಡು ಓದುವವರ ಹಾಗೆ.
ಈ ಜಾತಿಯ ತೊಡೆಗೆ ಕೂರುವುದು ಕಷ್ಟ ಎಂದು
ಡಾಕ್ಟರಮ್ಮ ಹೇಳಿದ್ದು ಎರಡು ವರ್ಷದ ಮೇಲೆ.
ಅಷ್ಟರಲ್ಲಿ ಅದು ಅಪ್ಪಣೆಯಾಗಿ ಉಳಿದಿರಲಿಲ್ಲ.

ಬೇಕರಿಯ ರಾತ್ರಿಪಾಳಿ ಮುಗಿಸಿ
ಬೆಳಗಿನ ಐದಕ್ಕೆ ಬಾಗಿಲು ತೆರೆದರೆ
ಬಾಯಿಂದ ಬರುವ ಮೊದಲ ಮಾತು, ಕುಂದ್ರು.
ಅವನು ಬಂದು, ನಿಂತಲ್ಲೇ,
ಮೂವತ್ತೆರಡು ಕಿಲೋ ಮೈಯನ್ನೆಲ್ಲ
ನನ್ನ ಎಡ ಮೊಣಕಾಲಿಗೆ ಒರಗಿಸುತ್ತಿದ್ದ.
ನನ್ನ ಹಿಟ್ಟು ಅವನ ಕರಿ ಮೈಗೆ ಹತ್ತಿ
ದಿನವಿಡೀ ಅವನ ಪಕ್ಕೆಯ ಮೇಲೊಂದು ಬಿಳಿ ಪಟ್ಟೆ.
ನಾಯಿಪಾಡು ಅನ್ನುತ್ತಿದ್ದೆ ಮೊದಲೆಲ್ಲ ಆ ಪಾಳಿಗೆ.
ಆಮೇಲೆ ಆ ಮಾತು ಬಿಟ್ಟೆ,
ಅವನೆದುರು ಆಡಲು ನಾಚಿಕೆಯಾಗಿ.

ಜುಲೈ ತಿಂಗಳ ಚಳಿಗೆ ಅವನಿಗೆ ಕೊಬ್ಬಿಲ್ಲ, ತುಪ್ಪಳವಿಲ್ಲ.
ಅವ್ವ ಹೊಲಿದ ಕೌದಿಯನ್ನು
ಕತ್ತರಿ ಹಿಡಿದು ಒಂದು ಗಳಿಗೆ ಕೂತಿದ್ದು, ಕಡೆಗೆ ಕತ್ತರಿಸಿದೆ.
ಅವಳ ಹಳೇ ಇಳಕಲ್ ಸೀರೆಯ ಅಂಚು
ಅವನ ಎದೆಯ ಮೇಲೆ ಬಂತು.
ವೆಂಡೂರಿ ಕೆರೆಯ ದಂಡೆಯಲ್ಲಿ
ಕರಿ ಹಂಸಗಳು ಕತ್ತು ಚಾಚಿ ಬುಸುಗುಟ್ಟಿದರೆ
ಗಂಟೆಗೆ ಅರವತ್ತು ಕಿಲೋಮೀಟರ್ ಓಡಬಲ್ಲವನು
ನನ್ನ ಹಿಂದೆ ಬಂದು ನಿಲ್ಲುತ್ತಿದ್ದ.

ಮುಂಗಾಲಿನ ಎಲುಬಿನಲ್ಲಿ ಗಂಟು.
ಡಾಕ್ಟರಮ್ಮ ಮನೆಗೇ ಬಂದಳು, ಗುರುವಾರ, ಚಪ್ಪಲಿ ಹೊರಗೆ ಬಿಟ್ಟು.
ಯಾರು ಹೇಳಿದ್ದರೋ ಅವಳಿಗೆ.
ಮುಗಿಯಿತು, ಅಂದಳು ಮೆಲ್ಲಗೆ.
ನನಗೆ ನಂಬಿಕೆ ಬರಲಿಲ್ಲ.
ಆರು ವರ್ಷ ಅವನು ಕಣ್ತೆರೆದೇ ನಿದ್ದೆ ಮಾಡಿದವನು.
ಸೋಫಾದ ಮೇಲೆ, ನಾಲ್ಕೂ ಕಾಲು ಮೇಲೆ ಮಾಡಿ,
ಕಣ್ಣು ಹಾಗೇ ತೆರೆದು, ಕನಸಲ್ಲಿ ಓಡಿದವನು.
ಈಗಲೂ ತೆರೆದೇ ಇದ್ದವು.
ಕಾಲು ಮಿಡುಕೀತೆಂದು ಕಾದೆ.
ಅವಳೂ ಕಾದಳು, ಪಾಪ, ಗಡಿಯಾರ ನೋಡದೆ.

ಹತ್ತು ದಿನಕ್ಕೆ ಪೆಟ್ಟಿಗೆ ಬಂತು.
ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು,
ಒಂದು ಕಿಲೋ, ಮೇಲೆ ನೂರೈವತ್ತು ಗ್ರಾಂ.
ಇಪ್ಪತ್ತು ವರ್ಷ ಹಿಟ್ಟು ತೂಗಿದ ಕೈ,
ಗೊತ್ತಾಗಬಾರದಿತ್ತು.

ಪಕ್ಕದ ಮನೆಯ ಲೆಸ್ ಹ್ಯಾಲೊರನ್
ಬೇಲಿಯಾಚೆ ನಿಂತು, ಕ್ಯಾಪ್ ತಿರುವುತ್ತ,
ಒಂದು ಮಾತು ಹೇಳಬೇಕಿತ್ತು, ಅಂದ.
ನಿನ್ನ ನಾಯಿಯ ಮೇಲೆ ಒಮ್ಮೆ
ಇಪ್ಪತ್ತು ಡಾಲರ್ ಕಟ್ಟಿದ್ದೆ.
ಆರನೆಯವನಾಗಿ ಬಂತು ಬಡ್ಡೀಮಗಂದು.
ಇಷ್ಟು ವರ್ಷ ಅದಕ್ಕೇ ಅವನ ತಲೆ ಸವರಲಿಲ್ಲ.
ಮೂಗು ಒರೆಸಿಕೊಂಡ.
ಗೆದ್ದಿದ್ದರೆ ನಿನಗೆ ಸಿಗುತ್ತಿರಲಿಲ್ಲ ಬಿಡು, ಅಂದ.
ಇಬ್ಬರೂ ನಕ್ಕೆವು, ಅಥವಾ
ಅಂಥದೊಂದು ಸದ್ದು ಮಾಡಿದೆವು.

ಇವತ್ತು ಐದಕ್ಕೆ ಬಾಗಿಲು ತೆರೆದೆ.
ಮಾತು ಬಾಯಿಗೆ ಬಂದಿತ್ತು, ಅಂದೂಬಿಟ್ಟೆ.
ಫ್ರಿಜ್ಜು ಒಂದು ಸಲ ನಡುಗಿ ಸುಮ್ಮನಾಯಿತು.
ಮಲಗುವ ಹೊತ್ತಿಗೆ ಪ್ಯಾಂಟು ಬಿಚ್ಚಿ ನೋಡಿದರೆ
ಎಡ ಮೊಣಕಾಲಿನ ಮೇಲೆ
ಹಿಟ್ಟು, ಹಾಗ್ಹಾಗೇ.